ಗೃಹಸ್ಥರ ಪುಟ: ಜೋಡಿ ಡಿಸ್ಕುಗಳೂ ದಾಖಲೆಗಳ ಸ್ಥಳಾಂತರವೂ

ಒಂದು ಮನೆಯಿಂದ ಮತ್ತೊಂದು ಮನೆಗೆ ಬಿಡಾರ ಬದಲಾಯಿಸಿದವರೆಲ್ಲರಿಗೂ ಒಂದು ಸಂಗತಿ ಚೆನ್ನಾಗಿ ತಿಳಿದಿರುವುದಷ್ಟೆ. ಹಳೆಯ ಮನೆಯಲ್ಲಿ ಹತ್ತಾರು ವರ್ಷ ಭದ್ರವಾಗಿದ್ದ ಭರಣಿಯು ಒಡೆಯುವುದೂ, ಪೆಟ್ಟಿಗೆಯ ತಳದಲ್ಲಿದ್ದ ಪತ್ರವು ಕಾಣೆಯಾಗುವುದೂ ಸಾಗಣೆಯ ಆ ಒಂದು ದಿನದಲ್ಲಿಯೇ. ಕಂಪ್ಯೂಟರಿನಲ್ಲಿ ಶೇಖರಿಸಿಟ್ಟ ಮನೆಯ ದಾಖಲೆಗಳಿಗೂ ಇದೇ ನ್ಯಾಯವು ಸಲ್ಲುತ್ತದೆ. ಭದ್ರತೆಗಾಗಿ ಕೈಗೊಂಡ ಏರ್ಪಾಡೇ, ಕ್ರಮ ತಪ್ಪಿದರೆ, ನಾಶಕ್ಕೆ ಕಾರಣವಾಗುವುದುಂಟು. ಈ ತಿಂಗಳು ಆ ವಿಷಯವನ್ನೇ ಕುರಿತು ನಾಲ್ಕು ಮಾತುಗಳನ್ನು ವಾಚಕ ಮಹಾಶಯರ ಮುಂದೆ ಇಡಬೇಕೆಂದಿದ್ದೇನೆ.

ಇದಕ್ಕೆ ನಿಮಿತ್ತವಾದುದು ನಮ್ಮ ವಾಚಕರೊಬ್ಬರು ಬರೆದ ಕಾಗದ. ಅವರ ಮನೆಯ ಕಂಪ್ಯೂಟರಿನಲ್ಲಿ 4 ಟೆರಾಬೈಟು ಹಿಡಿಯುವ ಹಾರ್ಡ್ ಡಿಸ್ಕು ಒಂದೇ ಒಂದು ಇದೆ. ಅದನ್ನು ಕೊಂಡು ಏಳು ವರ್ಷಗಳಾದುವು. ಮೂರು ತಲೆಮಾರಿನ ಭಾವಚಿತ್ರಗಳು, ಜಮೀನಿನ ಪತ್ರಗಳ ಪ್ರತಿಗಳು, ಮಕ್ಕಳ ಮದುವೆಯ ಚಲಚ್ಚಿತ್ರಗಳು, ಇವೆಲ್ಲಕ್ಕಿಂತ ಹೆಚ್ಚಾಗಿ ತೀರಿಹೋದ ಅವರ ಪತ್ನಿಯವರು ಹಾಡಿದ ಹಸೆಯ ಹಾಡು, ಆರತಿಯ ಹಾಡುಗಳ ಧ್ವನಿಮುದ್ರಣ, ಹೀಗೆ ಸುಮಾರು 3 ಟೆರಾಬೈಟಿನಷ್ಟು ಸಾಮಗ್ರಿ ಅದರಲ್ಲಿದೆ. ಮಗನು ಅದೇ ಅಳತೆಯ ಹೊಸ ಡಿಸ್ಕೊಂದನ್ನು ತಂದು, ಹಳೆಯದನ್ನೂ ಹೊಸದನ್ನೂ ಜೋಡಿಸಿ ರೇಡ್ ಎಂಬ ಏರ್ಪಾಡನ್ನು ಮಾಡುತ್ತೇನೆನ್ನುತ್ತಾನೆ. ಸೊಸೆಯು, ‘ಜೋಡಿಸುವ ಹೊತ್ತಿನಲ್ಲಿಯೇ ಹೋಗಿಬಿಟ್ಟರೆ ಅತ್ತೆಯವರ ಧ್ವನಿ ಮತ್ತೆಲ್ಲಿ ಸಿಕ್ಕೀತು?’ ಎನ್ನುತ್ತಾಳೆ. ಇಬ್ಬರಲ್ಲಿ ಯಾರ ಮಾತು ಸರಿ ಎಂಬುದು ಆ ಹಿರಿಯರ ಪ್ರಶ್ನೆ. ಇಬ್ಬರ ಮಾತೂ ಸರಿಯೇ. ಆದರೆ ಸೊಸೆಯ ಪ್ರಶ್ನೆಗೆ ಮೊದಲು ಉತ್ತರ ಕೊಟ್ಟು, ಬಳಿಕ ಮಗನ ಕೆಲಸಕ್ಕೆ ಕೈಹಾಕತಕ್ಕದ್ದು.

ರೇಡ್ ಎಂಬುದೇನೆಂದು ಮೊದಲು ತಿಳಿಯೋಣ. ಹಾರ್ಡ್ ಡಿಸ್ಕು ಹೊಸ ಪದಾರ್ಥವೇನೂ ಅಲ್ಲ. 1956ರಲ್ಲಿ ಐಬಿಎಂ ಸಂಸ್ಥೆಯವರು ಹೊರತಂದ ಮೊದಲನೆಯ ಡಿಸ್ಕುಯಂತ್ರದಲ್ಲಿ 24 ಅಂಗುಲ ವ್ಯಾಸದ 50 ತಟ್ಟೆಗಳಿದ್ದುವು; ಅಷ್ಟು ದೊಡ್ಡ ಯಂತ್ರವು ಹಿಡಿಯುತ್ತಿದ್ದುದು ಕೇವಲ 50 ಲಕ್ಷ ಅಕ್ಷರಗಳನ್ನು. ನಮ್ಮ ವಾಚಕರ ಮನೆಯ ಒಂದು ಡಿಸ್ಕು ಅಂತಹ ಎಂಟು ಲಕ್ಷ ಯಂತ್ರಗಳಿಗೆ ಸಮಾನ. ಹಿಡಿಯುವ ಶಕ್ತಿ ಹೀಗೆ ಬೆಳೆದಷ್ಟೂ ಒಂದು ಡಿಸ್ಕು ಕೆಟ್ಟಾಗ ಆಗುವ ನಷ್ಟವೂ ಬೆಳೆಯಿತು. 1988ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಬರ್ಕಲಿ ವಿಭಾಗದ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್, ರ‍್ಯಾಂಡಿ ಕಾಟ್ಜ್ ಎಂಬ ಮೂವರು ವಿದ್ವಾಂಸರು ಒಂದು ಪ್ರಬಂಧವನ್ನು ಪ್ರಕಟಿಸಿದರು. ದೊಡ್ಡದೂ ದುಬಾರಿಯೂ ಆದ ಒಂದು ಡಿಸ್ಕಿಗೆ ಬದಲಾಗಿ ಅಗ್ಗದ ಸಣ್ಣ ಡಿಸ್ಕುಗಳನ್ನು ಒಟ್ಟುಗೂಡಿಸಿ, ಅವುಗಳಲ್ಲಿ ಸ್ವಲ್ಪ ಹೆಚ್ಚುವರಿ ಲೇಖನವನ್ನು ಇಟ್ಟರೆ, ಒಂದು ಕೆಟ್ಟರೂ ಉಳಿದವುಗಳಿಂದ ಸಮಸ್ತವನ್ನೂ ಪಡೆಯಬಹುದೆಂಬುದು ಅದರ ತಾತ್ಪರ್ಯ. ಆ ಏರ್ಪಾಡಿನ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು ಸೇರಿ ‘ರೇಡ್’ ಎಂದಾಯಿತು.

ಕಾವ್ಯದಲ್ಲಿ ಪುನರುಕ್ತಿಯು ದೋಷವೆಂದು ನಮ್ಮ ಆಲಂಕಾರಿಕರು ಹೇಳುತ್ತಾರೆ. ಆದರೆ ಸಂರಕ್ಷಣೆಯಲ್ಲಿ ಪುನರುಕ್ತಿಯೇ ಗುಣ. ವೇದಾಧ್ಯಯನದ ಕ್ರಮವನ್ನು ಕೇಳಿದವರಿಗೆ ಇದು ಹೊಸ ಮಾತಲ್ಲ. ಕ್ರಮಪಾಠದಲ್ಲಿ ಒಂದನೆಯ ಪದವನ್ನು ಎರಡನೆಯದರೊಡನೆ, ಎರಡನೆಯದನ್ನು ಮೂರನೆಯದರೊಡನೆ ಸೇರಿಸಿ ಹೇಳುತ್ತಾರೆ. ಜಟಾಪಾಠದಲ್ಲಿ ಎರಡೆರಡು ಪದಗಳನ್ನು ಹಿಂದುಮುಂದಾಗಿಯೂ, ಘನಪಾಠದಲ್ಲಿ ಮೂರುಮೂರು ಪದಗಳನ್ನು ಹಿಂದುಮುಂದಾಗಿಯೂ ಹೇಳುತ್ತಾರೆ. ಒಂದು ಕಡೆ ಸ್ಖಲಿತವಾದ ಪದವು ಇನ್ನೊಂದು ಕಡೆಯಲ್ಲಿ ಸರಿಯಾಗಿ ದೊರೆಯುವುದರಿಂದ ತಪ್ಪು ಅಡಗಿಕೊಂಡಿರಲಾರದು. ರೇಡಿನ ಮೂಲತತ್ತ್ವವೂ ಇದಕ್ಕೆ ದೂರವಾದುದಲ್ಲ.

ಅದರಲ್ಲಿ ಹಲವು ಬಗೆಗಳುಂಟು. ಗೃಹಸ್ಥನು ತಿಳಿಯಬೇಕಾದುವು ಮೂರು. ಒಂದನೆಯ ಅಂಕೆಯ ರೇಡ್ ಎಂದರೆ ಪ್ರತಿಬಿಂಬದ ಏರ್ಪಾಡು. ಒಂದರಲ್ಲಿ ಬರೆದುದು ಆ ಕ್ಷಣದಲ್ಲಿಯೇ ಎರಡನೆಯದರಲ್ಲಿಯೂ ಬರೆಯಲ್ಪಡುತ್ತದೆ. 4 ಟೆರಾಬೈಟಿನ ಎರಡು ಡಿಸ್ಕುಗಳಿಂದ ದೊರೆಯುವ ಸ್ಥಳ 4 ಟೆರಾಬೈಟು ಮಾತ್ರ. ಒಂದು ಕೆಟ್ಟರೆ ಇನ್ನೊಂದು ನಿಲ್ಲುತ್ತದೆ. ಐದನೆಯ ಅಂಕೆಯ ರೇಡಿಗೆ ಕಡಮೆಯೆಂದರೆ ಮೂರು ಡಿಸ್ಕುಗಳು ಬೇಕು. ಇದರಲ್ಲಿ ಪ್ರತಿಯ ಬದಲು ಲೆಕ್ಕದ ಶೇಷವನ್ನಿಡುತ್ತಾರೆ. ಹೇಗೆಂದರೆ, ಮೊದಲನೆಯದರಲ್ಲಿ 1, ಎರಡನೆಯದರಲ್ಲಿ 0 ಇದ್ದರೆ ಮೂರನೆಯದರಲ್ಲಿ 1 ಎಂದು ಬರೆದು, ಮೂರರಲ್ಲಿಯೂ ಇರುವ ಒಂದುಗಳ ಸಂಖ್ಯೆ ಯಾವಾಗಲೂ ಸಮವಾಗಿರುವಂತೆ ನೋಡಿಕೊಳ್ಳುತ್ತಾರೆ. ಎರಡನೆಯದು ಕೆಟ್ಟಿತೆನ್ನಿ, ಉಳಿದ ಎರಡರಲ್ಲಿ 1, 1 ಇದೆ, ಸಮಸಂಖ್ಯೆಯಾಗಬೇಕಾದರೆ ಹೋದದ್ದು 0 ಎಂದು ತಾನೇ ಸಿದ್ಧವಾಗುತ್ತದೆ. 4 ಟೆರಾಬೈಟಿನ ಮೂರು ಡಿಸ್ಕುಗಳಿಂದ ಇಲ್ಲಿ 8 ಟೆರಾಬೈಟು ಸ್ಥಳ ದೊರೆಯುತ್ತದೆ. ಇನ್ನು ಸೊನ್ನೆಯ ಅಂಕೆಯ ರೇಡ್. ಇದರಲ್ಲಿ ಪ್ರತಿಯೂ ಇಲ್ಲ, ಶೇಷವೂ ಇಲ್ಲ. ವೇಗಕ್ಕೋಸ್ಕರ ಸಾಮಗ್ರಿಯನ್ನು ತುಂಡುತುಂಡಾಗಿ ಎರಡರಲ್ಲಿಯೂ ಹಂಚುತ್ತಾರೆ. ಒಂದು ಕೆಟ್ಟರೆ ಎರಡೂ ಕೆಟ್ಟಂತೆಯೇ. ಮನೆಯ ದಾಖಲೆಗಳಿಗೆ ಇದು ಸರ್ವಥಾ ತಕ್ಕುದಲ್ಲ.

ಮೂರರಲ್ಲಿ ಯಾವುದು ಮೇಲು? ಸಾಮಾನ್ಯ ಗೃಹಸ್ಥನಿಗೆ ಪ್ರತಿಬಿಂಬದ ಜೋಡಿಯೇ ಸಾಕೆಂದು ನನ್ನ ಅಭಿಪ್ರಾಯ. ಐದನೆಯ ಬಗೆಯಲ್ಲಿ ಒಂದು ಡಿಸ್ಕು ಹೋದಾಗ ಹೊಸದನ್ನು ತುಂಬಿಸಬೇಕಾದರೆ ಉಳಿದ ಡಿಸ್ಕುಗಳೆಲ್ಲವನ್ನೂ ಆದ್ಯಂತವಾಗಿ ಓದಬೇಕು. ಮನೆಬಳಕೆಯ ಅನೇಕ ಡಿಸ್ಕುಗಳ ಲಕ್ಷಣಪತ್ರದಲ್ಲಿ, ಹತ್ತರ ಹದಿನಾಲ್ಕನೆಯ ಘಾತದಷ್ಟು ಬಿಟ್ಟುಗಳನ್ನು, ಎಂದರೆ 12.5 ಟೆರಾಬೈಟನ್ನು ಓದುವಷ್ಟರಲ್ಲಿ ಓದಲಾಗದ ಸ್ಥಳವೊಂದು ಸಿಕ್ಕಬಹುದೆಂದು ಮುದ್ರಿಸಿರುತ್ತಾರೆ. ಇದು ತಯಾರಕರು ಹೇಳುವ ಮೇಲ್ಮಿತಿ. ವಾಸ್ತವದಲ್ಲಿ ಡಿಸ್ಕುಗಳು ಇದಕ್ಕಿಂತ ಚೆನ್ನಾಗಿಯೇ ನಡೆಯುವುದುಂಟು. ಆದರೂ 4 ಟೆರಾಬೈಟಿನ ನಾಲ್ಕು ಡಿಸ್ಕುಗಳ ಕೂಟದಲ್ಲಿ ಒಂದು ಹೋದರೆ ಉಳಿದ 12 ಟೆರಾಬೈಟನ್ನು ನಿರ್ದೋಷವಾಗಿ ಓದಬೇಕೆಂಬುದನ್ನು ಮರೆಯಲಾಗದು. ಪ್ರತಿಬಿಂಬದಲ್ಲಾದರೋ ಓದಬೇಕಾದುದು ಒಂದೇ ಡಿಸ್ಕು. ಇಷ್ಟಲ್ಲದೆ ಒಂದು ಡಿಸ್ಕನ್ನು ಹೊರಗೆ ತೆಗೆದರೂ ಅದರಲ್ಲಿ ಸಮಗ್ರವಾದ ಪ್ರತಿಯಿರುತ್ತದೆ.

ಈಗ ಪ್ರಕೃತಕ್ಕೆ ಬರೋಣ. ಮಗನು ಹೇಳುವ ಉಪಾಯ ಅಸಾಧ್ಯವಾದುದಲ್ಲ. ಲಿನಕ್ಸ್ ವ್ಯವಸ್ಥೆಯಲ್ಲಿ ಎಂಡಿ-ಆಡ್ಮ್ ಎಂಬ ಸಾಧನವುಂಟು. ಅದಕ್ಕೆ ಡಿಸ್ಕುಗಳ ಹೆಸರನ್ನು ಹೇಳುವ ಸ್ಥಳದಲ್ಲಿ ಒಂದರ ಹೆಸರನ್ನೂ, ಎರಡನೆಯದಕ್ಕೆ ಬದಲಾಗಿ ‘ಮಿಸ್ಸಿಂಗ್’, ಎಂದರೆ ‘ಗೈರುಹಾಜರು’, ಎಂಬ ಪದವನ್ನೂ ಕೊಟ್ಟರೆ, ಒಂದೇ ಕಾಲಿನ ಮೇಲೆ ನಿಂತ ಜೋಡಿಯೊಂದು ಸಿದ್ಧವಾಗುತ್ತದೆ. ಹೊಸ ಡಿಸ್ಕಿನಿಂದ ಅಂತಹ ಜೋಡಿಯನ್ನು ಮಾಡಿ, ಹಳೆಯದರಲ್ಲಿದ್ದುದನ್ನು ಅದಕ್ಕೆ ಪ್ರತಿಮಾಡಿ, ಆಮೇಲೆ ಹಳೆಯ ಡಿಸ್ಕನ್ನು ಗೈರುಹಾಜರಾದ ಸ್ಥಾನದಲ್ಲಿ ಸೇರಿಸಬಹುದು. ಉಪಾಯವೇನೋ ಜಾಣತನದ್ದು, ಆದರೆ ಅಪಾಯವಿರುವುದು ಕೊನೆಯ ಹೆಜ್ಜೆಯಲ್ಲಿ. ಹಳೆಯ ಡಿಸ್ಕನ್ನು ಸೇರಿಸಿದೊಡನೆಯೇ ಅದರಲ್ಲಿದ್ದುದೆಲ್ಲವೂ ಅಳಿಸಲ್ಪಟ್ಟು, ಹೊಸದರಲ್ಲಿರುವುದು ಆರಂಭದಿಂದ ಅದರ ಮೇಲೆ ಬರೆಯಲ್ಪಡುತ್ತದೆ. ಸೆಕೆಂಡಿಗೆ 150 ಮೆಗಾಬೈಟಿನ ವೇಗದಲ್ಲಿ 4 ಟೆರಾಬೈಟನ್ನು ತುಂಬಿಸುವುದಕ್ಕೆ ಏಳೂವರೆ ಗಂಟೆಗಳು ಹಿಡಿಯುತ್ತವೆ. ಅಷ್ಟು ಹೊತ್ತೂ ಮನೆಯ ಸರ್ವಸ್ವವು, ನಿನ್ನೆ ಅಂಗಡಿಯಿಂದ ಬಂದು ಇನ್ನೂ ಪರೀಕ್ಷೆಗೊಳಗಾಗದ ಒಂದೇ ಡಿಸ್ಕಿನಲ್ಲಿರುತ್ತದೆ. ಹಳೆಯ ಡಿಸ್ಕುಗಳಂತೆ ತೀರ ಹೊಸ ಡಿಸ್ಕುಗಳೂ ಕೆಡುವುದುಂಟೆಂಬುದು ಈ ವಿಷಯವನ್ನು ಬಲ್ಲವರಿಗೆಲ್ಲ ತಿಳಿದದ್ದೇ. ಸೊಸೆಯ ಭಯವು ಈ ಏಳೂವರೆ ಗಂಟೆಗಳನ್ನು ಕುರಿತದ್ದು. ಅದು ಸಕಾರಣವಾದ ಭಯ. ಅಲ್ಲದೆ ಏಳು ವರ್ಷ ದುಡಿದ ಡಿಸ್ಕನ್ನು ಹೊಸ ಜೋಡಿಯ ಒಂದು ಕಂಬವಾಗಿ ನಿಲ್ಲಿಸುವುದೂ ವಿವೇಕವಲ್ಲ.

ಆದುದರಿಂದ ನಾನು ಸೂಚಿಸುವ ಕ್ರಮವು ಹೀಗಿದೆ.

ಮೊದಲನೆಯದಾಗಿ, ಅಲ್ಪವೂ ಅಮೂಲ್ಯವೂ ಆದುದನ್ನು ಇಂದೇ ಬೇರೆಮಾಡಿರಿ. ಆ ತಾಯಿಯ ಹಾಡುಗಳೂ ಜಮೀನಿನ ಪತ್ರಗಳೂ ಸೇರಿದರೆ ಕೆಲವು ಗಿಗಾಬೈಟುಗಳಾದಾವು. ಅವನ್ನು ಎರಡು ಪೆನ್‌ಡ್ರೈವುಗಳಿಗೆ ಪ್ರತಿಮಾಡಿ, ಒಂದನ್ನು ಬೀರುವಿನಲ್ಲಿಟ್ಟು, ಇನ್ನೊಂದನ್ನು ಬೇರೆ ಊರಿನಲ್ಲಿರುವ ಮಗಳ ಮನೆಗೋ ತಮ್ಮನ ಮನೆಗೋ ಕಳುಹಿಸಿರಿ. ಏಳು ವರ್ಷದ ಡಿಸ್ಕನ್ನು ಗಂಟೆಗಟ್ಟಲೆ ಓದಿಸುವಾಗ ಅದು ನಡುವೆ ನಿಂತುಹೋದರೂ ಪ್ರಾಣದಂತಿರುವ ವಸ್ತು ಆಗಲೇ ಹೊರಗೆ ಬಂದಿರುತ್ತದೆ. ಉಳಿದುದಕ್ಕೆ ಬಳಿಕ ಕೈಹಾಕಬಹುದು.

ಎರಡನೆಯದಾಗಿ, ಇನ್ನೊಂದು ಹೊಸ ಡಿಸ್ಕನ್ನು ಕೊಳ್ಳಿರಿ. ಒಂದೇ ದಿನ ಒಂದೇ ಪೆಟ್ಟಿಗೆಯಿಂದ ಬಂದ ಅವಳಿಗಳಲ್ಲಿ ಒಂದೇ ಬಗೆಯ ದೋಷವಿರಬಹುದಾದುದರಿಂದ, ಎರಡನೆಯದನ್ನು ಬೇರೆ ಅಂಗಡಿಯಲ್ಲಿ ತೆಗೆದುಕೊಳ್ಳುವುದು ಒಳ್ಳೆಯದು. ಕೆಲವು ಸಾವಿರ ರೂಪಾಯಿಗಳ ಈ ವೆಚ್ಚವೇ ಇಡೀ ಕಾರ್ಯದ ತಳಹದಿ. ಹಣ ಕೂಡಿಬರುವುದಕ್ಕೆ ಒಂದೆರಡು ತಿಂಗಳು ಬೇಕಾದರೆ ಕಾಯಿರಿ. ಪೆನ್‌ಡ್ರೈವಿನ ಪ್ರತಿಗಳು ಅಷ್ಟರವರೆಗೆ ಮುಖ್ಯವಾದುದನ್ನು ಕಾಯುತ್ತವೆ.

ಮೂರನೆಯದಾಗಿ, ಜೋಡಿಯನ್ನು ರಚಿಸುವ ಹೊತ್ತಿನಲ್ಲಿ ಹಳೆಯ ಡಿಸ್ಕಿನ ತಂತಿಗಳನ್ನು ಕಳಚಿ ಪಕ್ಕದಲ್ಲಿಡಿರಿ. ಜೋಡಿಯನ್ನು ರಚಿಸುವುದೆಂದರೆ ಅದಕ್ಕೆ ಸೇರಿದ ಡಿಸ್ಕುಗಳಲ್ಲಿದ್ದುದು ಅಳಿದಂತೆಯೇ. ಲಿನಕ್ಸಿನಲ್ಲಾಗಲಿ, 2012ರಲ್ಲಿ ವಿಂಡೋಸ್ 8ರೊಡನೆ ಬಂದ ಸ್ಟೋರೇಜ್ ಸ್ಪೇಸಸ್ ಎಂಬ ಏರ್ಪಾಡಿನಲ್ಲಾಗಲಿ ಈ ನಿಯಮಕ್ಕೆ ವ್ಯತ್ಯಾಸವಿಲ್ಲ. ಕಂಪ್ಯೂಟರು ಡಿಸ್ಕುಗಳಿಗೆ ಕೊಡುವ ಹೆಸರುಗಳು ಒಂದು ಸಲ ಆರಿಸಿ ಹೊತ್ತಿಸಿದರೆ ಅದಲುಬದಲಾಗುವುದುಂಟು. ನಿನ್ನೆ ‘ಎ’ ಆಗಿದ್ದುದು ಇಂದು ‘ಬಿ’ ಆದೀತು. ಆದುದರಿಂದ ಪ್ರತಿಯೊಂದು ಡಿಸ್ಕಿನ ಮೇಲೆ ಅಚ್ಚಾಗಿರುವ ಕ್ರಮಸಂಖ್ಯೆಯನ್ನು ಒಂದು ಕಾಗದದಲ್ಲಿ ಬರೆದುಕೊಂಡು, ಅದರಿಂದಲೇ ಗುರುತಿಸತಕ್ಕದ್ದು. ತಂತಿಯೇ ಇಲ್ಲದ ಡಿಸ್ಕನ್ನು ಯಾವ ತಪ್ಪು ಆಜ್ಞೆಯೂ ಅಳಿಸಲಾರದು.

ನಾಲ್ಕನೆಯದಾಗಿ, ಹೊಸ ಜೋಡಿ ಸಿದ್ಧವಾದ ಮೇಲೆ ಹಳೆಯ ಡಿಸ್ಕನ್ನು ಮತ್ತೆ ತಗುಲಿಸಿ, ಓದುವುದಕ್ಕೆ ಮಾತ್ರ ಅವಕಾಶವಿರುವಂತೆ ಏರ್ಪಡಿಸಿ, ಪ್ರತಿಮಾಡಿರಿ. ‘ಪ್ರತಿಮಾಡುವುದು’ ಬೇರೆ, ‘ವರ್ಗಾಯಿಸುವುದು’ ಬೇರೆ. ವರ್ಗಾಯಿಸಿದರೆ ಮೂಲದಲ್ಲಿದ್ದುದು ಅಳಿಯುತ್ತದೆ. ಅದನ್ನು ಎಂದಿಗೂ ಮಾಡಕೂಡದು. ಆರ್‌ಸಿಂಕ್ ಎಂಬ ಸಾಧನದಿಂದ ಮಾಡಿದರೆ, ನಡುವೆ ವಿದ್ಯುತ್ತು ನಿಂತರೂ ಆಗಿರುವುದನ್ನು ಬಿಟ್ಟು ಉಳಿದುದನ್ನು ಮುಂದುವರಿಸಬಹುದು. 3 ಟೆರಾಬೈಟಿಗೆ ಆರೇಳು ಗಂಟೆಯಾದರೂ ಬೇಕು. ಸಣ್ಣ ಸಣ್ಣ ಫೈಲುಗಳು ಬಹಳವಿದ್ದರೆ ಇನ್ನೂ ಹೆಚ್ಚು. ನಮ್ಮ ಊರುಗಳಲ್ಲಿ ಕರೆಂಟು ಹೋಗುವ ಹೊತ್ತು ಯಾರಿಗೂ ತಿಳಿಯದಾದುದರಿಂದ ಯುಪಿಎಸ್ ಇಲ್ಲದೆ ಈ ಕೆಲಸಕ್ಕೆ ಕುಳಿತುಕೊಳ್ಳಬಾರದು.

ಐದನೆಯದಾಗಿ, ತಾಳೆನೋಡಿರಿ. ಓಲೆಯ ಗ್ರಂಥವನ್ನು ಪ್ರತಿಮಾಡಿದ ಬಳಿಕ ಒಬ್ಬರು ಮೂಲವನ್ನು ಓದುತ್ತ, ಮತ್ತೊಬ್ಬರು ಪ್ರತಿಯನ್ನು ಹಿಡಿದು ಒಪ್ಪನೋಡದೆ ಕೆಲಸ ಮುಗಿಯುವುದಿಲ್ಲವಷ್ಟೆ. ಇಲ್ಲಿ ಆ ಕೆಲಸವನ್ನು ಯಂತ್ರವೇ ಮಾಡುತ್ತದೆ. ಶಾ-256 ಎಂಬ ಗಣನೆಯು ಪ್ರತಿಯೊಂದು ಫೈಲಿಗೂ 64 ಅಂಕಾಕ್ಷರಗಳ ಒಂದು ಮುದ್ರೆಯನ್ನು ಕೊಡುತ್ತದೆ. ಫೈಲಿನಲ್ಲಿ ಒಂದೇ ಒಂದು ಬಿಟ್ಟು ವ್ಯತ್ಯಾಸವಾದರೂ ಮುದ್ರೆ ಬೇರೆಯಾಗುತ್ತದೆ. ಹಳೆಯದರ ಮುದ್ರೆಗಳನ್ನೂ ಹೊಸದರ ಮುದ್ರೆಗಳನ್ನೂ ಹೋಲಿಸಿದರೆ ಸಂಶಯ ನಿವಾರಣೆಯಾಗುತ್ತದೆ. ಇಷ್ಟಾದ ಮೇಲೆಯೂ ಮನೆಯವರೆಲ್ಲರೂ ಕುಳಿತು ಹತ್ತಾರು ಚಿತ್ರಗಳನ್ನು ತೆರೆದು ನೋಡಲಿ, ಒಂದೆರಡು ಹಾಡುಗಳನ್ನು ಕೊನೆಯವರೆಗೆ ಕೇಳಲಿ.

ಆರನೆಯದಾಗಿ, ಹಳೆಯ ಡಿಸ್ಕನ್ನು ಒಡನೆಯೇ ಅಳಿಸಬೇಡಿರಿ, ಮಾರಬೇಡಿರಿ. ಅದರ ಮೇಲೆ ದಿನಾಂಕವನ್ನು ಬರೆದು ಕೆಲವು ತಿಂಗಳು ಒಣಸ್ಥಳದಲ್ಲಿಟ್ಟಿರಿ. ಹೊಸ ಜೋಡಿಯು ತನ್ನ ಮೊದಲ ತಿಂಗಳುಗಳನ್ನು ಕಳೆಯುವ ತನಕ ಇದೇ ತಮ್ಮ ಮೂರನೆಯ ಸಾಕ್ಷಿ. ನಮ್ಮ ವಾಚಕರ ಮನೆಯಲ್ಲಿ ಹೀಗೆ ಮಾಡಿದರೆ ಪ್ರತಿಯು ಮುಗಿದ ಘಳಿಗೆಯಿಂದ ಸಾಮಗ್ರಿಯು ಮೂರು ಡಿಸ್ಕುಗಳಲ್ಲಿರುತ್ತದೆ. ಅದು ಮುಗಿಯುವ ಮೊದಲು ಹಾಡುಗಳೂ ಪತ್ರಗಳೂ ಪೆನ್‌ಡ್ರೈವುಗಳಲ್ಲಿರುತ್ತವೆ. ಸೊಸೆಯ ಪ್ರಶ್ನೆಗೆ ಇದೇ ಉತ್ತರ.

ಜೋಡಿಯನ್ನು ಸ್ಥಾಪಿಸಿದ ಮೇಲೆ ಅದನ್ನು ಮರೆತುಬಿಡುವುದು ಇನ್ನೊಂದು ಅಪಾಯ. ಒಂದು ಡಿಸ್ಕು ಕೆಟ್ಟರೂ ಕಂಪ್ಯೂಟರು ಎಂದಿನಂತೆಯೇ ನಡೆಯುವುದರಿಂದ ಕೆಟ್ಟದ್ದು ಯಾರಿಗೂ ತಿಳಿಯದೆ ತಿಂಗಳುಗಳು ಕಳೆದಾವು. ಎರಡನೆಯದೂ ಹೋದ ದಿನ ಎಚ್ಚರವಾದರೆ ಪ್ರಯೋಜನವೇನು? ಲಿನಕ್ಸಿನ ಎಂಡಿ-ಸ್ಟ್ಯಾಟ್ ಎಂಬ ಫೈಲನ್ನು ನೋಡಿದರೆ ಆರೋಗ್ಯವಾಗಿರುವ ಜೋಡಿಗೆ ‘ಯು’ ಎಂಬ ಅಕ್ಷರವು ಎರಡು ಸಲ ಕಾಣುತ್ತದೆ. ಒಂದು ಕೆಟ್ಟಿದ್ದರೆ ಅದರ ಸ್ಥಳದಲ್ಲಿ ಬರಿಯ ಅಡಿಗೆರೆ ಇರುತ್ತದೆ. ತಿಂಗಳಿಗೊಮ್ಮೆ ಹಾಲಿನವನ ಲೆಕ್ಕ ನೋಡುವ ದಿನವೇ ಇದನ್ನೂ ನೋಡುವ ಅಭ್ಯಾಸವಿಟ್ಟುಕೊಂಡರೆ ಸಾಕು. ಎರಡು ಡಿಸ್ಕುಗಳನ್ನೂ ಪೂರ್ತಿಯಾಗಿ ಓದಿಸಿ ಒಂದಕ್ಕೊಂದು ಹೋಲಿಸುವ ಪರಿಶೋಧನೆಯನ್ನೂ ಆಗಾಗ್ಗೆ ನಡೆಸತಕ್ಕದ್ದು. ಕಂಪ್ಯೂಟರಿನ ಮದರ್‌ಬೋರ್ಡಿನಲ್ಲಿಯೇ ರೇಡ್ ಇದೆಯೆಂದು ಅಂಗಡಿಯವರು ಹೇಳುವುದುಂಟು. ಆ ಬೋರ್ಡು ಸುಟ್ಟುಹೋದರೆ ಅದೇ ಜಾತಿಯದನ್ನು ಹುಡುಕಬೇಕಾದೀತು. ಲಿನಕ್ಸಿನ ಜೋಡಿಯಾದರೆ ತನ್ನ ಲಕ್ಷಣವನ್ನು ಡಿಸ್ಕಿನಲ್ಲಿಯೇ ಬರೆದುಕೊಂಡಿರುವುದರಿಂದ, ಬೇರೆ ಕಂಪ್ಯೂಟರಿನ ಲಿನಕ್ಸೂ ಅದನ್ನು ಗುರುತಿಸಬಲ್ಲದು.

ಕೊನೆಯದಾದರೂ ಎಲ್ಲಕ್ಕಿಂತ ಮುಖ್ಯವಾದ ಮಾತೊಂದುಂಟು. ರೇಡ್ ಎಂಬುದು ಡಿಸ್ಕು ಕೆಟ್ಟಾಗ ಕೆಲಸ ನಿಲ್ಲದಂತೆ ಮಾಡುವ ಉಪಾಯವೇ ಹೊರತು ಬೇರೆ ಸ್ಥಳದಲ್ಲಿಟ್ಟ ಪ್ರತಿಗೆ ಸಮಾನವಲ್ಲ. ಮೊಮ್ಮಗನು ಕೈತಪ್ಪಿ ಒಂದು ಫೋಲ್ಡರನ್ನು ಅಳಿಸಿದರೆ ಎರಡು ಡಿಸ್ಕುಗಳಲ್ಲಿಯೂ ಅದೇ ಕ್ಷಣದಲ್ಲಿ ಅಳಿಯುತ್ತದೆ. ಕನ್ನಡಿಯ ಮುಂದೆ ನಿಂತವನು ಕಣ್ಣು ಮುಚ್ಚಿದರೆ ಬಿಂಬವೂ ಮುಚ್ಚುವಂತೆ. ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ದುಷ್ಟ ಪ್ರೋಗ್ರಾಮು ಹೊಕ್ಕರೂ ಹಾಗೆಯೇ. ಕಳ್ಳನು ಪೆಟ್ಟಿಗೆಯನ್ನೇ ಹೊತ್ತರೆ, ಸಿಡಿಲು ಬಡಿದರೆ, ಮಳೆಯ ನೀರು ಮನೆಗೆ ನುಗ್ಗಿದರೆ ಎರಡಕ್ಕೂ ಒಂದೇ ಗತಿ. ಪೀಟರ್ ಕ್ರೋಗ್ ಎಂಬ ಅಮೆರಿಕದ ಛಾಯಾಗ್ರಾಹಕರು ಪ್ರಚುರಪಡಿಸಿದ ನಿಯಮವೊಂದಿದೆ: ಪ್ರತಿಗಳು ಮೂರಿರಲಿ, ಎರಡು ಬಗೆಯ ಸಾಧನಗಳಲ್ಲಿರಲಿ, ಒಂದು ಮನೆಯಿಂದ ಹೊರಗಿರಲಿ. ಹಣವು ಒಂದಕ್ಕೆ ಮಾತ್ರ ಸಾಲುವುದಾದರೆ, ರೇಡನ್ನು ಬಿಟ್ಟು, ಹೊರಗೆ ತಗುಲಿಸುವ ಡಿಸ್ಕನ್ನು ಕೊಂಡು, ಪ್ರತಿಮಾಡಿ, ಕಳಚಿ ಬೇರೆಡೆ ಇಡುವುದೇ ಮೇಲು. ಎರಡಕ್ಕೂ ಸಾಲುವುದಾದರೆ ಎರಡನ್ನೂ ಮಾಡಿರಿ.

ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು; ಆ ಕಾವ್ಯವನ್ನು ನಾವಿಂದೂ ಓದುತ್ತಿದ್ದೇವೆ. ಅದೇ ಶತಮಾನದ ಮೊದಲನೆಯ ಗುಣವರ್ಮನ ಶೂದ್ರಕ, ಹರಿವಂಶಗಳಾದರೋ, ಇತರ ಗ್ರಂಥಗಳಲ್ಲಿ ಉದ್ಧೃತವಾದ ಕೆಲವು ಪದ್ಯಗಳ ಹೊರತು ಈವರೆಗೆ ದೊರೆತಿಲ್ಲ. ಪ್ರತಿಗಳನ್ನು ಒಂದೇ ಭಂಡಾರದಲ್ಲಿ ರಾಶಿ ಹಾಕದೆ ಹಲವು ಕೈಗಳಿಗೆ ಹಂಚಿದುದರಲ್ಲಿ ಆ ತಾಯಿಯ ವಿವೇಕವಿದೆ. ವಾಚಕ ಮಹಾಶಯರು ಮುಂದಿನ ಭಾನುವಾರ ತಮ್ಮ ಮನೆಯ ಮುಖ್ಯ ದಾಖಲೆಗಳು ಎಷ್ಟು ಕಡೆ ಇವೆಯೆಂದು ಬೆರಳೆಣಿಸಿ ನೋಡಬೇಕೆಂದು ವಿಜ್ಞಾಪನೆ. ಒಂದೇ ಬೆರಳು ಮಡಿಚಿದರೆ ಅಂದು ಸಂಜೆಯೊಳಗೆ ಎರಡನೆಯದಕ್ಕೆ ಏರ್ಪಾಡು ಮಾಡಿರಿ.